ಲೆಟ್ಯೂಸ್ ಬೇರು ಕೊಳೆತದ್ದು ಯಾಕೆ ಅಂತ ಕೊನೆಗೂ ಗೊತ್ತಾಯ್ತು

ಮನೆಯೊಳಗೆ ಮಣ್ಣಿಲ್ಲದೆ, ಗಾಜಿನ ಜಾಡಿಯಲ್ಲಿ ಗೊಬ್ಬರ ಬೆರೆಸಿದ ನೀರಲ್ಲೇ ಲೆಟ್ಯೂಸ್ ಬೆಳೆಸಲು ಹೊರಟೆ. ಮೂರನೇ ವಾರಕ್ಕೇ ನೀರು ತುಂಬಾ ಇದ್ದರೂ ಎಲೆಗಳು ಬಾಡಿದವು. ಗಿಡ ಎತ್ತಿ ನೋಡಿದರೆ, ಬೆಳ್ಳಗಿರಬೇಕಾದ ಬೇರು ಕಂದಾಗಿ, ಮುಟ್ಟಿದರೆ ಲೋಳೆ ಲೋಳೆ. ಕೆಟ್ಟ ವಾಸನೆ ಬೇರೆ. ಗೊಬ್ಬರ ಸಾಲದೇನೋ ಅಂತ ಇನ್ನಷ್ಟು ಹಾಕಿದೆ. ಸುಮ್ನೆ ದಂಡ.

ತಪ್ಪಾಗಿದ್ದು ಜಾಡಿಯಲ್ಲಿ. ಕತ್ತಿನವರೆಗೂ ನೀರು ತುಂಬಿಸಿದ್ದೆ, ಬೇರಿಗೆ ಉಸಿರಾಡಲು ಜಾಗವೇ ಇರಲಿಲ್ಲ. ಗಾಜಿನೊಳಗೆ ಬೆಳಕು ಬಿದ್ದು ಪಾಚಿಯೂ ಕಟ್ಟಿತ್ತು.

ಕೊಳೆತ ಬೇರು ಕತ್ತರಿಸಿ, ಜಾಡಿ ತೊಳೆದು, ಕಪ್ಪು ಬಟ್ಟೆ ಸುತ್ತಿದೆ. ಹೊಸ ಗೊಬ್ಬರದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 6ಕ್ಕೆ ತಂದೆ. ಈಗ ಬೇರಿನ ಮೇಲ್ಭಾಗ ಗಾಳಿಯಲ್ಲಿ, ಕೆಳಭಾಗ ಮಾತ್ರ ನೀರಲ್ಲಿ. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಏರ್ ಪಂಪನ್ನೂ ಇಟ್ಟೆ. ರಾತ್ರಿ ಅದರ ಸದ್ದು ಸ್ವಲ್ಪ ಜಾಸ್ತಿಯೇ! ಎಂಟು ದಿನಕ್ಕೆ ಹೊಸ ಬಿಳಿ ಬೇರು ಇಣುಕಿತು. ಎರಡು ಗಿಡ ಮಾತ್ರ ಉಳಿಯಲಿಲ್ಲ.