ಪೇಟಿ (ಹಾರ್ಮೋನಿಯಂ) ರಿಪೇರಿಯಿಂದ ಮನಿ ನಡೀತದೇನ್ರೀ? – ನನ್ನ ಅನುಭವ

ನಡೀತದ. ಪೂರ್ತಿ ಅಲ್ಲ, ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದಕ್ಕೆ ದಾಲ್ ಮಿಲ್ಲಿನ ಲೆಕ್ಕ ಬರೆಯುವ ಕೆಲಸ ಅರ್ಧ ಇಟ್ಟುಕೊಂಡಿದ್ದೇನೆ. ಈ ಮಾತು ಮೊದಲು ತೆಗೆದಾಗ ಕಲಬುರಗಿಯ ಪೇಟಿ ಮಾಸ್ತರರೇ ನಕ್ಕಿದ್ದರು. "ಕೀಬೋರ್ಡ್ ಬಂದು ಎಷ್ಟ್ ವರ್ಷ ಆತು, ಈಗ ಯಾರ್ ಮಾಡಸ್ತಾರ ಇದನ್ನ?" ಎಂದಿದ್ದರು. ಈಗ ಆಷಾಢ ಬಂತೆಂದರೆ ಅವರ ಪೇಟಿಗಳೂ ನನ್ನ ಟೇಬಲ್ ಮುಂದೆ ಪಾಳಿ ಹಚ್ಚುತ್ತವೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಇಷ್ಟದ ಕೆಲಸ ಹಿಡಿದರೆ ಟೆನ್ಶನ್ ಇರುವುದಿಲ್ಲ ಎನ್ನುತ್ತಾರಲ್ಲ, ಅದು ಅರ್ಧ ಮಾತು. ನನಗೆ ಇಷ್ಟ ಪೇಟಿ ಬಾರಿಸುವುದು. ಅದನ್ನು ನಾನು ಮಾರಲಿಲ್ಲ. ಬಾರಿಸುವುದನ್ನೇ ಮಾರಲು ಹೊರಟವರ ಗತಿ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು: ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿ ನಾಟಕಕ್ಕೆ ಹೋದರೆ ಬೆಳಗಿನ ಜಾವದವರೆಗೆ ಕೂಡಬೇಕು, ಅವರು ಕೇಳಿದ ಸಿನಿಮಾ ಧಾಟಿಯೇ ಬಾರಿಸಬೇಕು, ರೊಕ್ಕ ಮಾತ್ರ "ಪಟ್ಟಿ ಎತ್ತಿ ಕೊಡ್ತೀವ್ರೀ", ಅಂದರೆ ಊರವರಿಂದ ವಂತಿಗೆ ಕೂಡಿಸಿದ ಮೇಲೆ. ಎರಡು ಸೀಸನ್ ಕಳೆಯುವುದರೊಳಗೆ ಪೇಟಿಯ ಮುಖ ನೋಡುವುದೇ ಬೇಡವೆನ್ನಿಸುತ್ತದೆ. ನಾನು ಮಾರಿದ್ದು ಅದರ ಮಗ್ಗುಲಿನ ಕೆಲಸ, ಶ್ರುತಿ ಹೊಂದಿಸುವುದು ಮತ್ತು ರಿಪೇರಿ. ಬೇಕಾದ ಕಿವಿ ಅದೇ, ಕೈ ಬೇರೆ. ಸಂಜೆ ಬಾರಿಸುವುದು ನನ್ನದಾಗಿಯೇ ಉಳಿಯಿತು.

ಮಗ್ಗುಲಿನ ಕೆಲಸ ಯಾವುದು ಎಂದು ಹುಡುಕುವುದಕ್ಕೆ ನನಗೆ ಗೊತ್ತಿರುವ ದಾರಿ ಒಂದೇ. ನಿಮ್ಮ ಹವ್ಯಾಸದ ಮಂದಿ ಯಾವುದಕ್ಕಾಗಿ ಬೈಯುತ್ತಲೇ ದೂರದ ಊರಿಗೆ ರೊಕ್ಕ ಕಳಿಸುತ್ತಾರೆ ನೋಡಿ. ಇಲ್ಲಿಂದ ಪೇಟಿಗಳು ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಿದ್ದವು. ಹೋಗಿ ಬರುವ ಖರ್ಚು ಬೇರೆ, ಹದಿನೈದು ದಿನ ಪೇಟಿ ಕೈಯಲ್ಲಿ ಇರುವುದಿಲ್ಲ. ಬೇರೆ ಹವ್ಯಾಸಕ್ಕೂ ಇದೇ ಮಾತು. ಬೀದರಿನಲ್ಲಿ ಬಿದ್ರಿ ಕೆಲಸ (ಕರಿ ಲೋಹದಲ್ಲಿ ಬೆಳ್ಳಿಯ ಚಿತ್ತಾರ) ಹಂಚಿಕೊಂಡು ನಡೆಯುತ್ತದೆ. ಎರಕ ಹೊಯ್ಯುವವರು, ನಕ್ಷೆ ಕೊರೆಯುವವರು, ಬೆಳ್ಳಿ ಕೂರಿಸುವವರು ಬೇರೆ ಬೇರೆ. ಚಿತ್ರದ ಹುಚ್ಚು ಇರುವವರು ಅಲ್ಲಿ ಪೂರ್ತಿ ಹೂಜಿ ಮಾಡಲು ಹೋಗುವ ಬದಲು ಬಳ್ಳಿ, ಹೂವಿನ ಹೊಸ ನಕ್ಷೆ ಬರೆದು ಕೊಟ್ಟರೆ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಈಗ ಕೆಲಸದ ಮಾತು. ಪೇಟಿ ಬಂದ ಕೂಡಲೇ ಶ್ರುತಿಗೆ ಕೈ ಹಾಕಬಾರದು. ಮೊದಲು ಗಾಳಿ. ಎಲ್ಲ ಸ್ಟಾಪರ್ (ಗಾಳಿಯ ದಾರಿ ತೆರೆದು ಮುಚ್ಚುವ ಗುಂಡಿ) ಮುಚ್ಚಿ ತಿದಿ (ಗಾಳಿ ಚೀಲ) ತುಂಬಿಸಿ ಬಿಟ್ಟರೆ ಹದಿನೈದು ಇಪ್ಪತ್ತು ಸೆಕೆಂಡಾದರೂ ತಡೆಯಬೇಕು. ಐದಾರು ಸೆಕೆಂಡಿಗೆ ಕುಸಿದರೆ ಸೋರಿಕೆ ಇದೆ ಎಂದರ್ಥ, ಅಂಥ ಪೇಟಿಯ ಶ್ರುತಿ ಮಾಡಿದ್ದು ವ್ಯರ್ಥ. ಗಾಳಿಯ ಒತ್ತಡ ಏರಿಳಿದರೆ ರೀಡಿನ (ಗಾಳಿಗೆ ನಡುಗಿ ಸ್ವರ ಕೊಡುವ ಹಿತ್ತಾಳೆ ನಾಲಿಗೆ) ಸ್ವರವೂ ಸರಿಯುತ್ತದೆ, ಮಂದ್ರದ, ಅಂದರೆ ಕೆಳಸ್ವರದ, ದೊಡ್ಡ ರೀಡುಗಳಲ್ಲಿ ಇದು ಹೆಚ್ಚು. ಜೋರಾಗಿ ಹೊಡೆದರೆ ಸ್ವರ ಇಳಿಯುತ್ತದೆ. ಗಿರಾಕಿ ಹೇಗೆ ತಿದಿ ಹಾಕುತ್ತಾನೆ ಎಂದು ಒಂದು ಭಜನೆ ಬಾರಿಸಿಸಿ ನೋಡಿ, ಅದೇ ಒತ್ತಡದಲ್ಲಿ ಶ್ರುತಿ ಮಾಡುತ್ತೇನೆ. ಇದನ್ನು ಮಾಡದೆ "ಆ್ಯಪಿನಾಗ ಸರಿ ತೋರಸ್ತದ" ಎನ್ನುವವರ ಕೆಲಸ ಒಂದೇ ವಾರಕ್ಕೆ ನನ್ನ ಹತ್ತಿರ ಬರುತ್ತದೆ.

ಕೀ ಒತ್ತದೆಯೇ ಸ್ವರ ಕೂಗುತ್ತಿದ್ದರೆ ನೂರಕ್ಕೆ ಎಂಬತ್ತು ಪಾಲು ಸ್ಪ್ರಿಂಗಿನ ತಪ್ಪಲ್ಲ, ಕೀ ಒತ್ತಿದಾಗ ಗಾಳಿತೂತು ತೆರೆಯುವ ಮುಚ್ಚಳದ ಕೆಳಗಿನ ತೊಗಲು ಒಣಗಿ ಬಿರುಸಾಗಿರುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಕೂಗು ನಿಲ್ಲುತ್ತದೆ, ಆದರೆ ಕೀ ಭಾರವಾಗಿ ಬಾರಿಸುವವನ ಬೆರಳು ನೋಯುತ್ತವೆ. ತೊಗಲೇ ಬದಲಿಸಿ. ಸ್ವರ ಹೊರಡದೆ ಬರೀ ಉಸಿರು ಬಂದರೆ ರೀಡಿನ ಸಂದಿಯಲ್ಲಿ ಧೂಳು, ಕೂದಲು, ಜಿರಳೆಯ ಕಾಲು ಏನಾದರೂ ಸಿಕ್ಕಿರುತ್ತದೆ. ಬಾಯಿಂದ ಊದಬೇಡಿ, ಉಗುಳಿನ ತೇವಕ್ಕೆ ಹಿತ್ತಾಳೆ ಹಸಿರಾಗುತ್ತದೆ. ತೆಳು ಉಕ್ಕಿನ ಎಲೆ ಆಡಿಸಿ, ಮೃದು ಬ್ರಶ್ ಸಾಕು. ಮಳೆಗಾಲದಲ್ಲಿ ಕೀ ಅಂಟಿಕೊಂಡರೆ ಅವಸರದಲ್ಲಿ ಕಟ್ಟಿಗೆ ಉಜ್ಜಬೇಡಿ. ದಸರೆ ಹೊತ್ತಿಗೆ ಅದೇ ಕೀ ಸಡಿಲಾಗಿ ಗಡಗಡ ಎನ್ನುತ್ತದೆ.

ಶ್ರುತಿಯ ಸೂತ್ರ ಎಲ್ಲರಿಗೂ ಗೊತ್ತಿದ್ದದ್ದೇ: ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆಡುವುದು ಕೆರೆಯುವ ರೀತಿಯಲ್ಲಿ. ಅಡ್ಡ ಗೀರು ಹಾಕಿದರೆ ಆ ಗೀರಿನಲ್ಲೇ ಮುಂದೆ ನಾಲಿಗೆ ಮುರಿಯುತ್ತದೆ, ಉದ್ದಕ್ಕೆ ಕೆರೆಯಬೇಕು. ನಾಲಿಗೆಯ ಕೆಳಗೆ ತೆಳು ಉಕ್ಕಿನ ಎಲೆ ಆಧಾರ ಕೊಡದೆ ಒತ್ತಿದರೆ ಅದು ಬಾಗಿ, ಸಂದಿ ಕಡಿಮೆಯಾಗಿ, ಜೋರಾಗಿ ತಿದಿ ಹಾಕಿದಾಗ ಸ್ವರ ಕಟ್ಟುತ್ತದೆ. ಬುಡ ಜಾಸ್ತಿ ಕೆರೆದ ರೀಡಿಗೆ ಆಯುಷ್ಯ ಇಲ್ಲ. ಮಂದ್ರದ ರೀಡನ್ನು ಭಾಳ ಇಳಿಸಬೇಕಿದ್ದರೆ ಬುಡಕ್ಕೆ ಹೋಗದೆ ತುದಿಗೆ ಸಾಸಿವೆಯಷ್ಟು ಬೆಸುಗೆ ಇಟ್ಟು ಆಮೇಲೆ ಅದನ್ನೇ ಕೆರೆಯುವುದು ಸುರಕ್ಷಿತ. ರೀಡನ್ನು ಹೊರಗೆ ತೆಗೆದು ಸರಿ ಮಾಡಿದ್ದು ಒಳಗೆ ಕೂಡಿಸಿದಾಗ ಸರಿಯಿರುವುದಿಲ್ಲ, ಪ್ರತಿ ಸಲ ಜಾಗದಲ್ಲಿಟ್ಟೇ ಕೇಳಬೇಕು. ಕೆರೆದ ಬಿಸಿ ಆರಿ ಲೋಹ ನೆಲೆ ನಿಲ್ಲಲು ಒಂದು ರಾತ್ರಿ ಬೇಕು. ಮರುದಿನ ಮುಂಜಾನೆ ಮತ್ತೆ ನೋಡಿದರೆ ಮೂವತ್ತೊಂಬತ್ತು ಕೀಗಳಲ್ಲಿ ಏಳೆಂಟಾದರೂ ಎರಡು ಮೂರು ಸೆಂಟ್ಸ್ (ಪಕ್ಕದ ಎರಡು ಸ್ವರಗಳ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್) ಸರಿದಿರುತ್ತವೆ. ಇದಕ್ಕೇ ನಾನು ಒಂದೇ ದಿನದಲ್ಲಿ ಪೇಟಿ ಕೊಡುವುದಿಲ್ಲ.

ಎರಡು ಸಾಲು ರೀಡಿನ ಪೇಟಿಯಲ್ಲಿ ಆ್ಯಪ್ ಒಂದು ಸಾಲಿಗೆ ಮಾತ್ರ. ಇನ್ನೊಂದನ್ನು ಅದರ ಜೋಡಿ ಬಾರಿಸಿ ಅಲೆ (ಸದ್ದು ಏರಿಳಿಯುವುದು) ನಿಲ್ಲುವ ತನಕ ಕಿವಿಯಿಂದಲೇ ಹೊಂದಿಸಬೇಕು. ಒಂದೇ ಸ್ಥಾಯಿಯ ಎರಡು ರೀಡು 440 ಮತ್ತು 441 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಒಂದು ಅಲೆ ಕೇಳುತ್ತದೆ. ಅಲೆ ಕೇಳಬೇಕೆಂದರೆ ಫ್ಯಾನ್ ಬಂದ್ ಇರಬೇಕು, ತಿರುಗುವ ಅದರ ರೆಕ್ಕೆಗಳೇ ಸುಳ್ಳು ಅಲೆ ಎಬ್ಬಿಸುತ್ತವೆ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡಿ ಕೂಡುವುದು ಎಂದರೆ ಮುಂಜಾನೆ ಐದೂವರೆಯಿಂದ ಎಂಟರವರೆಗೆ ಮಾತ್ರ. ನನ್ನ ದಿನದ ಹೊತ್ತು ನಿಗದಿಯಾದದ್ದು ಹೀಗೆ. ಇನ್ನೊಂದು ಕಾರಣವೂ ಇದೆ. ಹಿತ್ತಾಳೆ ಕಾದರೆ ಸ್ವರ ಇಳಿಯುತ್ತದೆ. ಮುಂಜಾನೆಯ ತಂಪಿಗೂ 42 ಡಿಗ್ರಿಯ ಮಧ್ಯಾಹ್ನಕ್ಕೂ ನಾಲ್ಕೈದು ಸೆಂಟ್ಸ್ ಫರಕು ಬರುತ್ತದೆ. ಅರ್ಧ ಪೇಟಿ ಮುಂಜಾನೆ, ಅರ್ಧ ಮಧ್ಯಾಹ್ನ ಮಾಡಿದರೆ ಅದು ಎರಡು ಪೇಟಿ ಆಗುತ್ತದೆ.

ಈ ಬಿಸಿಲಿಗೆ ತಿದಿಯ ಮಡಿಕೆಯ ತೊಗಲು ಬಿರಿಯುವುದು ದೊಡ್ಡ ತಲೆನೋವು. ರೆಕ್ಸಿನ್ ಅಗ್ಗ ಎಂದು ಹಾಕಿದರೆ ಎರಡನೇ ಬೇಸಿಗೆಗೆ ಮಡಿಕೆಯಲ್ಲೇ ಸುಲಿಯುತ್ತದೆ. ಫೆವಿಕಾಲ್ ಬಿಗಿ ಹಿಡಿಯುತ್ತದೆ, ಆದರೆ ಮುಂದಿನ ಸಲ ಬಿಚ್ಚುವಾಗ ಕಟ್ಟಿಗೆ ಕಿತ್ತು ಬರುತ್ತದೆ. ಕಾಸಿ ಹಚ್ಚುವ ಸರಸೇ (ಪ್ರಾಣಿಗಳ ತೊಗಲು, ಎಲುಬಿನ ಅಂಟು) ಒಳ್ಳೆಯದು, ಬಿಸಿ ಬಟ್ಟೆ ಇಟ್ಟರೆ ಬಿಟ್ಟುಕೊಡುತ್ತದೆ. ತೊಗಲನ್ನು ಹಚ್ಚುವ ಮೊದಲು ನಾನು ಒಂದು ಎಣ್ಣೆ ಪಾಕದಲ್ಲಿ ಹದ ಮಾಡುತ್ತೇನೆ, ಮೂರು ಬೇಸಿಗೆ ದಾಟಿದ ತಿದಿಗಳಿವೆ. ಪಾಕ ಹೇಳುವುದಿಲ್ಲ. ಹಳೆಯ ಒಳ್ಳೆಯ ರೀಡು ಎಲ್ಲಿ ಸಿಗುತ್ತವೆ ಎನ್ನುವುದನ್ನೂ ಹೇಳುವುದಿಲ್ಲ, ನಾಳೆ ಅಲ್ಲಿ ನೀವೇ ನನಗಿಂತ ಮೊದಲು ಹೋಗಿ ನಿಲ್ಲುತ್ತೀರಿ.

ರೊಕ್ಕದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಸಾಮಾನಿಗೆ ಶುರುವಿನಲ್ಲಿ ಆರೇಳು ಸಾವಿರ ಹೋಯಿತು. ಅದಕ್ಕಿಂತ ಹೆಚ್ಚು ಹೋದದ್ದು ಕೈ ಪಳಗಲು ಕೊಂಡ ಸತ್ತ ಪೇಟಿಗಳಿಗೆ, ಸುಮಾರು ಹತ್ತು ಸಾವಿರ. ಗಿರಾಕಿಯ ಪೇಟಿಯ ಮೇಲೆ ಕಲಿಯುವುದಕ್ಕಿಂತ ಇದು ಅಗ್ಗ. ಒಂದು ಸಾಲಿನ ಶ್ರುತಿಗೆ ಒಂಬೈನೂರು, ಎರಡು ಸಾಲಿಗೆ ಹದಿನಾರು ನೂರು, ತಿದಿಯ ತೊಗಲು ಬದಲಿಸಿದರೆ ಎರಡು ಸಾವಿರದ ಆಸುಪಾಸು (ಅದರಲ್ಲಿ ಮಾಲಿಗೇ ಏಳುನೂರು). ಅರ್ಧ ರೊಕ್ಕ ಮೊದಲೇ. ಭಜನಾ ಮಂಡಳಿಯವರು ಪಟ್ಟಿ ಎತ್ತಿದ ಮೇಲೆ ಕೊಡುತ್ತೇವೆಂದರೆ, ಪಟ್ಟಿ ಎತ್ತಿದ ಮೇಲೆ ಪೇಟಿ ತನ್ನಿ ಎನ್ನುತ್ತೇನೆ. ಉದ್ರಿಯಲ್ಲಿ ಮುಳುಗಿದ್ದು ಎಂಟು ಸಾವಿರದ ಮೇಲೆ, ಅದು ವಾಪಸ್ ಬರುವುದಿಲ್ಲ. ವಾರಕ್ಕೆ ಮೂರಕ್ಕಿಂತ ಹೆಚ್ಚು ಪೇಟಿ ಹಿಡಿಯುವುದಿಲ್ಲ, ಅರ್ಜೆಂಟಿಗೆ ಎರಡು ಪಟ್ಟು. ಈ ಎರಡು ಕಟ್ಟಳೆ ಹಾಕಿದ ಮೇಲೇ ರಾತ್ರಿ ನಿದ್ದೆ ಸರಿಯಾದದ್ದು. ಇಷ್ಟದ ಕೆಲಸವೂ ಐದನೇ ಪೇಟಿಗೆ ನೌಕರಿಯೇ ಆಗುತ್ತದೆ.

ನೌಕರಿ ಯಾವಾಗ ಕಡಿಮೆ ಮಾಡಬೇಕು? ಪೇಟಿಯ ಗಳಿಕೆಗೆ ಬೇರೆ ಖಾತೆ, ಮನೆಖರ್ಚಿಗೆ ಅದರಿಂದ ಒಂದು ಪೈಸೆ ಇಲ್ಲ. ಪೂರ್ತಿ ಪಗಾರ ಇಪ್ಪತ್ತು ಸಾವಿರ ಇತ್ತು, ಅರ್ಧ ಮಾಡಿದರೆ ಹನ್ನೊಂದು ಎಂದರು. ಕೊರತೆ ಒಂಬತ್ತು. ಎಂಟು ತಿಂಗಳ ಕೊರತೆ, ಅಂದರೆ ಎಪ್ಪತ್ತು ಸಾವಿರ ಚಿಲ್ಲರೆ ಆ ಖಾತೆಯಲ್ಲಿ ಕೂಡುವವರೆಗೆ ಮಿಲ್ಲು ಬಿಡಲಿಲ್ಲ. ಎರಡು ವರ್ಷದ ಮೇಲೆ ಹಿಡಿಯಿತು. ಮಂದಿ ಆರು ತಿಂಗಳ ಪೂರ್ತಿ ಮನೆಖರ್ಚು ಕೂಡಿಸಿರಿ ಎನ್ನುತ್ತಾರೆ. ಅದು ಕೂಡುವುದೂ ಇಲ್ಲ, ಕೆಲಸ ಶುರುವಾಗುವುದೂ ಇಲ್ಲ. ಕೊರತೆ ಎಷ್ಟು, ಅಷ್ಟನ್ನೇ ಲೆಕ್ಕ ಹಿಡಿಯಿರಿ.

ಮಾಲೀಕರ ಜೊತೆ ಮಾತಾಡಿದ್ದು ದಿನದ ಲೆಕ್ಕ ಅಲ್ಲ, ವರ್ಷದ ಲೆಕ್ಕ. ತೊಗರಿ ಬರುವ ಜನವರಿಯಿಂದ ಮಾರ್ಚ್ ತನಕ ದಿನಪೂರ್ತಿ ಮಿಲ್ಲಿನಲ್ಲಿ ಇರುತ್ತೇನೆ. ಜೂನ್, ಜುಲೈ, ಆಗಸ್ಟಿನಲ್ಲಿ ಲೆಕ್ಕ ಮುಟ್ಟಿಸುವಷ್ಟು ಮಾತ್ರ, ಉಳಿದ ತಿಂಗಳು ಅರ್ಧ ದಿನ. ಪಗಾರ ಎಲ್ಲ ತಿಂಗಳೂ ಒಂದೇ. ಶ್ರಾವಣದ ಭಜನೆಗೆ ಮೊದಲು ಪೇಟಿಗಳು ಗುಡ್ಡೆ ಬೀಳುವುದು ಅದೇ ಹೊತ್ತಿಗೆ. ಆಗ ತಿಂಗಳಿಗೆ ಇಪ್ಪತ್ತೈದು ಸಾವಿರದವರೆಗೆ ಬರುತ್ತದೆ, ನವೆಂಬರಿನಲ್ಲಿ ಆರೂ ಕಷ್ಟ. ವರ್ಷದ ಸರಾಸರಿ ಹದಿನಾಲ್ಕು ಹದಿನೈದು. ಎರಡು ಪಂಚಾಂಗ ತಾಳೆಯಾಗದ್ದು ಮಾರ್ಚಿನಲ್ಲಿ ಮಾತ್ರ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ನಾಟಕದವರೂ ಬರುತ್ತಾರೆ, ಮಿಲ್ಲಿನಲ್ಲೂ ಲಾರಿ ನಿಂತಿರುತ್ತವೆ. ಆಗ ನಾಟಕದವರಿಗೆ ಇಲ್ಲ ಎನ್ನುತ್ತೇನೆ.

ದಂಧೆಗೆ ಸಂಬಂಧವಿಲ್ಲದ ಒಂದು ಪ್ರಯೋಗ ಹೇಳಿಬಿಡುತ್ತೇನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗಾಯಕರು ಪೇಟಿಯ ಗಾಂಧಾರ ಚುಚ್ಚುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡುವ ಸಮ ಹಂಚಿಕೆಯ ಶ್ರುತಿಯಲ್ಲಿ ಶುದ್ಧ ಗಾಂಧಾರ ಸಹಜ ಸ್ವರಕ್ಕಿಂತ ಹದಿನಾಲ್ಕು ಸೆಂಟ್ಸ್ ಮೇಲಿದೆ, ಧೈವತ ಹದಿನಾರು, ನಿಷಾದ ಹನ್ನೆರಡು. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟು 1971ರ ತನಕ ಒಳಗೆ ಬಿಡದಿದ್ದಕ್ಕೆ ಹೇಳಿದ ಕಾರಣಗಳಲ್ಲಿ ಈ ಸಮ ಶ್ರುತಿಯೂ ಒಂದು. ಕರಿ ಒಂದರಲ್ಲೇ (ಮೊದಲ ಕರಿ ಕೀಯನ್ನು ಷಡ್ಜ ಮಾಡಿಕೊಂಡು) ಹಾಡುವ ಒಬ್ಬರ ಪೇಟಿಯನ್ನು ಈ ಲೆಕ್ಕಕ್ಕೆ ಇಳಿಸಿದೆ, ಪಂಚಮ ಎರಡು ಸೆಂಟ್ಸ್ ಏರಿಸಿ, ಮಧ್ಯಮ ಎರಡು ಇಳಿಸಿ, ರಿಷಭ ನಾಲ್ಕು ಏರಿಸಿ. ತಂಬೂರಿಯ ಜೋಡಿ ಹಚ್ಚಿದರೆ ಕರಗಿ ಹೋಗುತ್ತದೆ. ಅದೇ ಪೇಟಿಯಲ್ಲಿ ಬಿಳಿ ನಾಲ್ಕಕ್ಕೆ ಭಜನೆ ಹಿಡಿದರೆ ಮಾತ್ರ ನಾಯಿ ಊಳಿಟ್ಟಂತೆ. ಇಂಥದ್ದಕ್ಕೆ ಎರಡು ಸಾವಿರ ತೆಗೆದುಕೊಂಡು, ಬೇರೆ ಶ್ರುತಿಗೆ ಬಾರಿಸಬಾರದು ಎಂದು ಪೇಟಿಯ ಮೇಲ್ಮುಚ್ಚಳದ ಒಳಗೆ ಬರೆದು ಕೊಡುತ್ತೇನೆ.

ಸ್ಕೇಲ್ ಚೇಂಜರ್ (ಕೀ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ) ಪೇಟಿ ಹಿಡಿಯುವುದಿಲ್ಲ. ಕೀ ಸಾಲು ಸರಿಯುವ ಜಾಗದಲ್ಲಿ ಕೂದಲೆಳೆ ಫರಕಾದರೂ ಒಂದು ಶ್ರುತಿಯಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ಮುಚ್ಚಳ ಎತ್ತುವುದಿಲ್ಲ, ಮೂರು ದಿನ ತಿನ್ನುತ್ತದೆ, ಗಿರಾಕಿ ಒಂದು ದಿನದ ರೊಕ್ಕ ಕೊಡುತ್ತಾನೆ. ಬೀದರ, ಯಾದಗಿರಿ ಕಡೆ ಯಾರಾದರೂ ಅದನ್ನೊಂದೇ ಕಲಿತು ಕೂತರೆ ನನ್ನ ಹತ್ತಿರ ಬರುವವರನ್ನೆಲ್ಲ ಅಲ್ಲಿಗೇ ಕಳಿಸುತ್ತೇನೆ, ಕಮಿಷನ್ ಬೇಡ.