ಚಂದಾ ಕೇಳಿಕೊಂಡು ಬಾಗಿಲಿಗೆ ಬಂದರೆ

ಕರೆಗಂಟೆ ಆದದ್ದೇ ತಡ, ಬಾಗಿಲು ಹಾರುಹೊಡೆದು ಪರ್ಸ್ ತರಲು ಒಳಗೆ ಓಡುವ ಈಗಿನವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ದುಡ್ಡು ಎಲ್ಲಿಟ್ಟಿದ್ದೀರಿ ಅಂತ ನೀವೇ ತೋರಿಸಿಕೊಟ್ಟ ಹಾಗಾಯಿತಲ್ಲ! ಮೊದಲೆಲ್ಲ ಚಂದಾಕ್ಕೆ ಬರುವವರ ಮುಖವಾದರೂ ಪರಿಚಯವಿರುತ್ತಿತ್ತು. ಈಗ ಒಲೆ ಆರಿಸಿ, ಹಿಂಬಾಗಿಲ ಚಿಲಕ ಹಾಕಿ, ಆಮೇಲೆ ಮುಂದೆ ಬನ್ನಿ. ಒಬ್ಬ ಮಾತಿಗೆ ನಿಲ್ಲಿಸಿಕೊಂಡಾಗ ಇನ್ನೊಬ್ಬ ಹಿಂದಿನಿಂದ ನುಗ್ಗುವುದು ಹಳೇ ಉಪಾಯ. ಸರಪಳಿ ಸಿಕ್ಕಿಸಿಯೇ ಬಾಗಿಲು ತೆರೆಯಿರಿ, ಮುಖ ಕಂಡರೆ ಸಾಕು. ಅಂದಹಾಗೆ, ಆ ಸರಪಳಿಯ ತಿರುಪು ಕಡೇ ಸಲ ಬಿಗಿ ಮಾಡಿದ್ದು ಯಾವಾಗ? ಗಿಡ್ಡ ತಿರುಪು ಒಂದು ಒದೆತಕ್ಕೆ ಕಿತ್ತು ಬರುತ್ತದೆ. ಚೌಕಟ್ಟಿನ ಮರದೊಳಕ್ಕೆ ಇಳಿಯುವಂಥ ಉದ್ದದ್ದು ಹಾಕಿಸಿ.

ಯಾರು ನಕ್ಕರೂ ನಾನು ಬಿಡದ ಪದ್ಧತಿ ಎಂದರೆ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ನೋಟುಬುಕ್ಕು. ಪೆನ್ನನ್ನು ದಾರದಲ್ಲಿ ಕಟ್ಟಿಯೇ ಇಡಿ, ಇಲ್ಲವಾದರೆ ಬೇಕಾದ ಹೊತ್ತಿಗೆ ಅದು ಮಕ್ಕಳ ಚೀಲದಲ್ಲಿರುತ್ತದೆ. ಮೇಲೆ ತಾರೀಖು, ಹೊತ್ತು. ಗುರುತಿನ ಚೀಟಿಯನ್ನು ಸಂದಿಯಿಂದಲೇ ಈಸಿಕೊಂಡು, ಬಂದವರ ಹೆಸರು, ಸಂಸ್ಥೆಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ವಿಳಾಸ ಎಲ್ಲ ಗಟ್ಟಿಯಾಗಿ ಓದುತ್ತಾ ಬರೆಯಿರಿ. ಸಂಸ್ಥೆಯ ಹೆಸರನ್ನಂತೂ ಅಕ್ಷರ ಅಕ್ಷರವಾಗಿ. ಹೆಸರುವಾಸಿ ಸಂಸ್ಥೆಯ ಹೆಸರಿಗೆ ಒಂದು ಪದ ಸೇರಿಸಿಯೋ ಹಿಂದುಮುಂದು ಮಾಡಿಯೋ ಬರುವವರಿದ್ದಾರೆ. ಬರೀ ಓದಿದರೆ ಗೊತ್ತಾಗುವುದಿಲ್ಲ, ಬರೆಯುವಾಗ ಸಿಕ್ಕಿಬೀಳುತ್ತದೆ. ಆಮೇಲೆ ಕೇಳಿ: ದುಡ್ಡು ಯಾವ ಕೆಲಸಕ್ಕೆ? ನಿಮಗೆ ಸಂಬಳವೋ, ಎತ್ತಿದ್ದರಲ್ಲಿ ಪಾಲೋ? ನಿಜವಾದವರು ನಿಂತು ಹೇಳುತ್ತಾರೆ, ನೀವು ತಪ್ಪು ಬರೆದರೆ ತಿದ್ದುತ್ತಾರೆ. "ಇವತ್ತೇ ಕೊನೇ ದಿನ, ಪಕ್ಕದ ಮನೆಯವರು ಆಗಲೇ ಕೊಟ್ಟರು" ಎಂದು ಅವಸರ ಮಾಡುವವರು ಅರ್ಧ ಪುಟ ತುಂಬುವಷ್ಟರಲ್ಲಿ ಜಾಗ ಖಾಲಿ ಮಾಡುತ್ತಾರೆ.

ಬರೆದಾದ ಮೇಲೆ ಚೀಟಿ ವಾಪಸ್ ಕೊಟ್ಟು, ವಿಚಾರಿಸಿ ನಾವೇ ಕಳಿಸುತ್ತೇವೆ ಎಂದು ಬಾಗಿಲು ಹಾಕಿ. ಚೀಟಿಯಲ್ಲಿರುವ ನಂಬರಿಗೇ ಫೋನ್ ಮಾಡಿದರೆ ಆ ಕಡೆ ಎತ್ತುವವನು ಅವರ ಜೊತೆಗಾರನೇ ಇರಬಹುದು. ಸಂಸ್ಥೆಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ. ಅವರು ತೋರಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ, ಓಟಿಪಿಯಂತೂ ಬಾಯಿಬಿಡಲೇಬೇಡಿ. ತಿಂಗಳು ತಿಂಗಳು ಖಾತೆಯಿಂದ ಕಡಿತವಾಗುವ ಫಾರಂಗೆ ಬಾಗಿಲಲ್ಲಿ ನಿಂತು ಸಹಿ ಹಾಕಿ, ಆಮೇಲೆ ರದ್ದು ಮಾಡಿಸಲು ಅಲೆಯುವವರಿಗೆ ಏನು ಹೇಳಲಿ?

ಅಷ್ಟಾಗಿಯೂ ಕೊಡಲೇಬೇಕು ಅನ್ನಿಸಿದರೆ, ಹೋದರೂ ಚಿಂತೆಯಿಲ್ಲ ಅನ್ನುವಷ್ಟನ್ನು ಬಾಗಿಲ ಪಕ್ಕದ ಡಬ್ಬಿಯಲ್ಲಿಟ್ಟಿರಿ, ಕ್ರಮಸಂಖ್ಯೆ ಅಚ್ಚಾದ ರಸೀದಿ ಕೇಳಿ. ಕುಡಿಯಲು ನೀರು ಕೇಳಿದರೆ ಇಲ್ಲವೆನ್ನಬೇಡಿ. ಬಾಗಿಲು ಪೂರ್ತಿ ಹಾಕಿ ಒಳಗೆ ಹೋಗಿ, ಬಾಟಲಿಯಲ್ಲಿ ತಂದು ಸಂದಿಯಿಂದಲೇ ಕೊಡಿ.