ಐಐಎಂ ಕಾಲ್‌ಗಾಗಿ ಕಾದ ದಿನಗಳು

2023ರ ಡಿಸೆಂಬರ್ 21. ಹಿಂದಿನ ದಿನವಷ್ಟೇ ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ತಾರೀಖು ಮುಗಿದಿತ್ತು. ವಿಜಯಪುರದ ನಮ್ಮ ಆಡಿಟರ್ ಆಫೀಸಿನಲ್ಲಿ ಎಲ್ಲರೂ ಸ್ವಲ್ಪ ಉಸಿರು ಬಿಡುತ್ತಿದ್ದೆವು. ಅವತ್ತೇ ಕ್ಯಾಟ್ ಫಲಿತಾಂಶ ಬಂತು. ಐಐಎಂಗಳಲ್ಲಿ ಎಂಬಿಎ ಓದಲು ಬರೆಯುವ ಪ್ರವೇಶ ಪರೀಕ್ಷೆ ಅದು. ನನಗೆ 96.8 ಪರ್ಸೆಂಟೈಲ್.

ತಕ್ಷಣ ಅಪ್ಪನಿಗೆ ಫೋನ್ ಮಾಡಿದೆ. ಅವರು ತಿಕೋಟಾದಲ್ಲಿ ದ್ರಾಕ್ಷಿ ತೋಟದಲ್ಲಿದ್ದರು.

"ನೂರಕ್ಕ ತೊಂಬತ್ತಾರು ಬಿದ್ದಾವಂದ್ರ ಸೀಟ್ ಸಿಕ್ಕಂಗ ಅಲ್ಲೇನವಾ?"

"ಇಲ್ಲಪ್ಪಾ, ಇವು ಮಾರ್ಕ್ಸ್ ಅಲ್ಲ. ಎರಡು ಲಕ್ಷ ಎಂಬತ್ತೆಂಟು ಸಾವಿರ ಮಂದಿ ಬರದಾರ. ನನ್ನ ಮುಂದ ಇನ್ನೂ ಒಂಬತ್ತು ಸಾವಿರ ಮಂದಿ ಅದಾರ. ಈಗ ಇಂಟರ್‌ವ್ಯೂಕ್ಕ ಕರೀತಾರೇನು ನೋಡಬೇಕು."

"ಎಷ್ಟ ದಿನ ಕಾಯೂದು?"

"ಗೊತ್ತಿಲ್ಲ."

ಹೀಗೆ ಗೊತ್ತಿಲ್ಲದೆಯೇ ಹೆಚ್ಚುಕಡಿಮೆ ಎರಡು ತಿಂಗಳು ಕಳೆದೆ. ಪರೀಕ್ಷೆಗೆ ಹೇಗೆ ಓದಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಈ ನಡುವಿನ ದಿನಗಳನ್ನು ಏನು ಮಾಡಬೇಕು ಅಂತ ಹೇಳುವವರು ನನಗೆ ನಮ್ಮ ಕಡೆ ಯಾರೂ ಸಿಗಲಿಲ್ಲ. ಅದಕ್ಕೇ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲ ಹತ್ತು ದಿನ ಹಾಳು ಮಾಡಿದೆ. ಮೊಬೈಲ್ ತಲೆದಿಂಬಿನ ಕೆಳಗೆ ಇರುತ್ತಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮೊದಲು ಇಮೇಲ್ ನೋಡುತ್ತಿದ್ದೆ. ಬ್ಯಾಂಕಿನ ಮೆಸೇಜ್ ಬಂದರೂ ಎದೆ ಧಸಕ್ ಅನ್ನುತ್ತಿತ್ತು. ಆಫೀಸಿನಲ್ಲಿ ಒಂದು ಅಂಗಡಿಯ ಖರೀದಿ ಬಿಲ್ಲುಗಳನ್ನು ಮಾರಾಟದ ಕಡೆ ಹಾಕಿದ್ದೆ. ಆಡಿಟರ್ ಸರ್ ಬೈಯಲಿಲ್ಲ. "ಮನಸ್ಸು ಎಲ್ಲೈತಿ ತಂಗಿ?" ಎಂದಷ್ಟೇ ಕೇಳಿದರು. ಅವತ್ತು ಸಂಜೆಯೇ ಮೊಬೈಲಿನಲ್ಲಿ ಇಮೇಲ್ ನೋಟಿಫಿಕೇಶನ್ ಬಂದ್ ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ, ಎರಡೇ ಸಲ ನೋಡುವುದು ಅಂತ ಇಟ್ಟುಕೊಂಡೆ. ನೋಡುವಾಗ ಸ್ಪ್ಯಾಮ್ ಮತ್ತು ಪ್ರಮೋಷನ್ಸ್ ಕೂಡ ತೆರೆಯುತ್ತಿದ್ದೆ. ಜೊತೆಗೆ ನನಗೆ ಬೇಕಾದ ಸಂಸ್ಥೆಗಳ ವೆಬ್‌ಸೈಟಿನಲ್ಲಿ ರಿಜಿಸ್ಟ್ರೇಶನ್ ನಂಬರ್ ಹಾಕಿ ನೋಡುತ್ತಿದ್ದೆ. ಇದು ಮುಖ್ಯ, ಯಾಕಂದ್ರೆ ಪಟ್ಟಿ ಮೊದಲು ವೆಬ್‌ಸೈಟಿನಲ್ಲಿ ಬಂದು ಇಮೇಲ್ ತಡವಾಗಿ ಬರುವುದೂ ಉಂಟು.

ಕಾಲ್, ಅಂದರೆ ಸಂದರ್ಶನದ ಕರೆ, ಹೇಗೆ ಬರುತ್ತದೆ ಅನ್ನೋದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಕ್ಯಾಟ್ ಒಂದೇ ಪರೀಕ್ಷೆ, ಆದರೆ ಎಲ್ಲರಿಗೂ ಸೇರಿ ಒಂದು ಪಟ್ಟಿ ಬರುವುದಿಲ್ಲ. ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ ಇವುಗಳದ್ದು ಬೇರೆ ಬೇರೆ ಪಟ್ಟಿ, ಬೇರೆ ಬೇರೆ ದಿನ. ಹೊಸ ಐಐಎಂಗಳಲ್ಲಿ ಹಲವು ಕೂಡಿ ಒಂದೇ ಸಂದರ್ಶನ ಮಾಡುತ್ತವೆ, ಅದಕ್ಕೆ ಕ್ಯಾಪ್ ಅಂತಾರೆ. ಐಐಟಿಗಳ ಎಂಬಿಎಗೆ ಕ್ಯಾಟ್ ಅಂಕ ನಡೆಯುತ್ತದೆ, ಆದರೆ ಬೇರೆ ಅರ್ಜಿ ಹಾಕಬೇಕು. ಅರ್ಜಿ ಹಾಕದೆ ಅಲ್ಲಿಂದ ಕಾಲ್ ಬರುತ್ತದೆ ಅಂತ ಕಾಯುತ್ತಿದ್ದವರನ್ನು ನಾನೇ ನೋಡಿದ್ದೇನೆ. ಹಾಗಾಗಿ ಫಲಿತಾಂಶ ಬಂದ ವಾರದಲ್ಲೇ ಯಾವ ಅರ್ಜಿಗೆ ಇನ್ನೂ ದಿನ ಉಳಿದಿದೆ ಅಂತ ನೋಡಿಬಿಡಿ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಸಂದರ್ಶನಕ್ಕೆ ಕರೆಯುವಾಗ ಹಳೆಯ ಐಐಎಂಗಳು ಕ್ಯಾಟ್ ಅಂಕ ಮಾತ್ರ ನೋಡುವುದಿಲ್ಲ. 10ನೇ ತರಗತಿ, 12ನೇ ತರಗತಿ, ಡಿಗ್ರಿ ಅಂಕಗಳೂ ಲೆಕ್ಕಕ್ಕೆ ಬರುತ್ತವೆ, ಯಾವುದಕ್ಕೆ ಎಷ್ಟು ಅನ್ನೋದು ಒಂದೊಂದು ಕಡೆ ಒಂದೊಂದು ರೀತಿ. ಅಹಮದಾಬಾದಿನವರು ಇದನ್ನು ಹಂತ ಹಂತವಾಗಿ ಕೊಡುತ್ತಾರೆ. 80 ದಾಟಿ 90ರವರೆಗೆ ಒಂದು ಮಟ್ಟ, 90 ದಾಟಿದರೆ ಅದಕ್ಕಿಂತ ಮೇಲಿನ ಮಟ್ಟ. ನನ್ನ ಎಸ್‌ಎಸ್‌ಎಲ್‌ಸಿ ಅಂಕ 625ಕ್ಕೆ 562. ಲೆಕ್ಕ ಹಾಕಿದರೆ 89.92. ಇನ್ನೊಂದೇ ಒಂದು ಅಂಕ ಬಂದಿದ್ದರೆ 90.08 ಆಗುತ್ತಿತ್ತು.

ಆ ರಾತ್ರಿ ಟ್ರಂಕಿನಿಂದ ಹಳೆ ಮಾರ್ಕ್ಸ್ ಕಾರ್ಡ್ ತೆಗೆದು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಸಮಾಜ ವಿಜ್ಞಾನದಲ್ಲಿ ಕಡಿಮೆ ಬಿದ್ದಿತ್ತು. ಹದಿನೈದು ವರ್ಷದ ಹುಡುಗಿ ಅವತ್ತು ಯಾವ ಪ್ರಶ್ನೆ ಬಿಟ್ಟಿದ್ದಳು ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಅವ್ವ ಎದ್ದು ಬಂದಳು. "ಅದನ್ನ ನೋಡಿದ್ರ ಈಗ ಅಂಕ ಏರ್ತಾವೇನು? ಮಲಕೋ" ಎಂದಳು.

ಮರುದಿನ ಒಂದು ಹಾಳೆ ತಗೊಂಡು ಲೆಕ್ಕ ಮಾಡಿದೆ. ನಿಜ ಹೇಳಬೇಕೆಂದರೆ ಆ ಒಂದು ಅಂಕ ಇದ್ದಿದ್ದರೂ ನನ್ನ ಪರ್ಸೆಂಟೈಲಿಗೆ ಅಹಮದಾಬಾದ್, ಬೆಂಗಳೂರು ಸಿಗುವ ಹಾಗಿರಲಿಲ್ಲ. ನನ್ನಂಥ ಸಾಮಾನ್ಯ ವರ್ಗದವರಿಗೆ ಅಲ್ಲಿ 99ರ ಆಚೆ ಬೇಕು. ವೆಬ್‌ಸೈಟಿನಲ್ಲಿ ಬರೆದ ಕನಿಷ್ಠ ಅಂಕ ನೋಡಿ ಆಸೆ ಇಟ್ಟುಕೊಳ್ಳಬೇಡಿ. ಅದು ಅರ್ಹತೆಗೆ ಮಾತ್ರ. ಕರೆಯುವುದು ಅದಕ್ಕಿಂತ ಬಹಳ ಮೇಲಿನವರನ್ನು. ಹಾಳೆಯಲ್ಲಿ ಮೂರು ಸಾಲು ಬರೆದೆ: ಬರುವುದಿಲ್ಲ, ಬರಬಹುದು, ಬಂದೇ ಬರುತ್ತದೆ. ಕ್ಯಾಪ್ ಎರಡನೇ ಸಾಲಿನಲ್ಲಿತ್ತು. ಆಮೇಲೆ ಮೊದಲ ಸಾಲಿನ ಪಟ್ಟಿಗಳು ಬಂದಾಗ, ನನ್ನ ಹೆಸರು ಇಲ್ಲದಿದ್ದಾಗ, ನೋವಾಯಿತು ನಿಜ. ಆದರೆ ನೆಲ ಕುಸಿದ ಹಾಗೆ ಆಗಲಿಲ್ಲ.

ಕಾಗದಪತ್ರದ ಕೆಲಸಕ್ಕೆ ಜನವರಿ ಮೊದಲ ಎರಡು ವಾರ ಹೋದವು. ನನ್ನ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಅಡ್ಡಹೆಸರು ಇಲ್ಲ, ಆಧಾರದಲ್ಲಿ ಇದೆ. ಅದಕ್ಕೊಂದು ಅಫಿಡವಿಟ್ ಮಾಡಿಸಿದೆ. ಕೆಲಸದ ಅನುಭವದ ಪತ್ರದಲ್ಲಿ ಸೇರಿದ ತಾರೀಖು ಸ್ಪಷ್ಟವಾಗಿ ಇರುವಂತೆ ಸರ್ ಹತ್ತಿರ ಬರೆಸಿಕೊಂಡೆ. ನನ್ನ ಜೊತೆ ಬಿಕಾಂ ಮಾಡಿದ ಗೆಳತಿಯ ಬಳಿ 2ಎ ಪ್ರಮಾಣಪತ್ರ ಇತ್ತು. ಅದೇ ಸಾಕು ಅಂತ ಅವಳು ಸುಮ್ನೆ ಇದ್ದಳು. ಆದರೆ ಐಐಎಂಗಳಿಗೆ ಬೇಕಾದದ್ದು ಕೇಂದ್ರ ಸರಕಾರದ ನಮೂನೆಯ ಒಬಿಸಿ ಪ್ರಮಾಣಪತ್ರ. ಕೇಂದ್ರದ ಪಟ್ಟಿಯೂ ಬೇರೆ, ನಮೂನೆಯೂ ಬೇರೆ. ಅವಳು ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಮಾಡಿಸಿಕೊಂಡಳು. ಕಾಲ್ ಬಂದ ಮೇಲೆ ಓಡಾಡಿದ್ದರೆ ಕೈಗೆ ಸಿಗುತ್ತಿತ್ತೋ ಇಲ್ಲವೋ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಬೀಗರು, ಬಂಧುಗಳು ಎಲ್ಲ ಬಂದಿದ್ದರು. ಎಲ್ಲರದ್ದೂ ಒಂದೇ ಪ್ರಶ್ನೆ. "ಏನಾತ ನಿನ್ನ ಎಂಬಿಎದು?" ಕಾಕಾ ಒಂದು ಗಂಡು ನೋಡಿದ ಸುದ್ದಿಯನ್ನೂ ತಂದಿದ್ದರು. ಅಪ್ಪ ಅಲ್ಲೇ ಅದನ್ನು ನಿಲ್ಲಿಸಿದರು. "ಮಾರ್ಚ್ ತನಕ ಆ ಮಾತ ತೆಗೀಬ್ಯಾಡಪಾ" ಎಂದರು. ಕಾಯುವವರ ಮನೆಯಲ್ಲಿ ಹೀಗೆ ಒಂದು ತಾರೀಖು ಹಾಕಿ ಹೇಳುವವರು ಒಬ್ಬರಿದ್ದರೆ ಬಹಳ ಆಸರೆ.

ಫೆಬ್ರವರಿ ಶುರುವಿನಲ್ಲಿ ನಮ್ಮ ತೋಟದ ಎರಡು ಎಕರೆ ಕಟಾವಿಗೆ ಬಂತು. ಸೆಪ್ಟೆಂಬರ್ ಕೊನೆಯಲ್ಲೇ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ್ದ ಪ್ಲಾಟ್ ಅದು. ಅದಷ್ಟೂ ಮಣೂಕಕ್ಕೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅಂತಾರೆ. ಶನಿವಾರ ಸಂಜೆ, ರವಿವಾರ ನಾನು ಶೆಡ್ಡಿನಲ್ಲಿ ಇರುತ್ತಿದ್ದೆ. ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಜಾಳಿಗೆಯ ಮೇಲೆ ಹರಡಬೇಕು. ಸಾಲು ಮೇಲೆ ಸಾಲು, ನೆರಳಿನಲ್ಲಿ. ಎರಡು ವಾರ ಗಾಳಿಗೆ ಒಣಗಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ನಡುವೆ ಮೋಡ ಕವಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ದರ ಹೋಗುತ್ತದೆ.

ಹರಡುತ್ತ ಹರಡುತ್ತ ನಾನು ಸಂದರ್ಶನದ ಉತ್ತರಗಳನ್ನು ಜೋರಾಗಿ ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದೆ. 10ನೇ ತರಗತಿವರೆಗೆ ಕನ್ನಡ ಮಾಧ್ಯಮದವಳು ನಾನು. ಬರೆಯಲು ಬರುತ್ತಿತ್ತು, ಮಾತಾಡುವಾಗ ನಾಲಿಗೆ ತಡವರಿಸುತ್ತಿತ್ತು. ಪಕ್ಕದಲ್ಲಿ ಗೊನೆ ಹರಡುತ್ತಿದ್ದ ಆಯಿ ಒಬ್ಬರು ಕೇಳಿದರು.

"ಏನ ಅನ್ನಾಕತ್ತಿಯವಾ ಒಬ್ಬಾಕಿನ?"

"ಎಂಬಿಎ ಯಾಕ ಮಾಡ್ತಿ ಅಂತ ಕೇಳ್ತಾರ ಆಯಿ. ಅದಕ್ಕ ಉತ್ತರ."

"ಹೌದಾ? ಯಾಕ ಮಾಡ್ತಿ ಹೇಳು ನೋಡೋಣು."

ನನ್ನ ಇಂಗ್ಲಿಷ್ ಉತ್ತರವನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಏನೂ ಬರಲಿಲ್ಲ. ನಾಯಕತ್ವ, ಕೌಶಲ್ಯ ಅಂತ ಏನೇನೋ ಇತ್ತು ಅದರಲ್ಲಿ. ಆಯಿಯ ಮುಖ ನೋಡಿಕೊಂಡು ಆ ಮಾತು ಹೇಳಲು ಆಗಲಿಲ್ಲ. ಅದು ನನ್ನ ಉತ್ತರವೇ ಆಗಿರಲಿಲ್ಲ. ಎಲ್ಲೋ ಓದಿದ್ದನ್ನು ಬಾಯಿಪಾಠ ಮಾಡಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ. "ನಾವು ಮಾಲು ಒಣಗಿಸಿ ತಾಸಗಾಂವ ಮಾರ್ಕೆಟ್ಟಿಗೆ ಕಳಸ್ತೀವಿ ಆಯಿ. ದರ ಅಲ್ಲಿ ಆಗ್ತದ. ದರ ಬಿದ್ದಾಗ ಮಾಲು ಹಿಡಿದು ಇಡಾಕ ನಮ್ಮ ಹತ್ರ ರೊಕ್ಕ ಇರೂದಿಲ್ಲ. ಇಲ್ಲೇ ಕೂತು, ಇಲ್ಲೇ ದರ ಮಾಡೂದು ಹ್ಯಾಂಗ ಅಂತ ಕಲೀಬೇಕಾಗೇದ ನನಗ."

"ಇದನ್ನ ಹೇಳವಾ ಮತ್ತ" ಎಂದರು ಆಯಿ. ಗೊನೆ ಹರಡುವುದು ಮುಂದುವರಿಸಿದರು.

ಅಂದಿನಿಂದ ಪ್ರತಿ ಉತ್ತರವನ್ನೂ ಮೊದಲು ಕನ್ನಡದಲ್ಲಿ, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಹೇಳಿದೆ. ಅವ್ವನಿಗೆ ಹೇಳಿದೆ, ಆಫೀಸಿನ ಅಕ್ಕನಿಗೆ ಹೇಳಿದೆ. ಕನ್ನಡದಲ್ಲಿ ನಿಂತ ಉತ್ತರವನ್ನು ಮಾತ್ರ ಇಂಗ್ಲಿಷಿಗೆ ತಂದೆ. ಹೀಗೆ ಮಾಡಿದಾಗ ಅರ್ಧಕ್ಕರ್ಧ ಉತ್ತರ ಬಿದ್ದುಹೋದವು. ಉಳಿದವು ಗಟ್ಟಿಯಾದವು. ಇಡೀ ಕಾಯುವ ಕಾಲದಲ್ಲಿ ನನಗೆ ಬಹಳ ಕೆಲಸಕ್ಕೆ ಬಂದದ್ದು ಇದೊಂದೇ. ಕಾಲ್ ಬಂದ ಮೇಲೆ ಇದಕ್ಕೆಲ್ಲ ಸಮಯ ಸಿಗುವುದಿಲ್ಲ.

ಸಂದರ್ಶನದ ತಯಾರಿಗೆ ಅಪ್ಪನೂ ಒಂದು ಪ್ರಶ್ನೆ ಕೊಟ್ಟರು, ತಮಗೇ ಗೊತ್ತಿಲ್ಲದೆ. "ಹಸಿ ದ್ರಾಕ್ಷಿಗೆ ಜಿಎಸ್‌ಟಿ ಇಲ್ಲ, ಒಣಗಿಸಿದ್ರ ಐದು ಪರ್ಸೆಂಟ್. ನಮ್ಮ ಮಾಲು ನಾವ ಒಣಗಿಸಿದ್ರೂ ಕಟ್ಟಬೇಕೇನು?" ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಮಗಳಿಗೆ ಉತ್ತರ ಗೊತ್ತಿರಬೇಕಲ್ವಾ? ನನಗೆ ಪೂರ್ತಿ ಗೊತ್ತಿರಲಿಲ್ಲ. ಸರ್ ಹತ್ತಿರ ಕೂತು ಕಾಯ್ದೆಯ 23ನೇ ಸೆಕ್ಷನ್ ಓದಿದೆ. ತನ್ನ ಭೂಮಿಯಲ್ಲಿ ಬೆಳೆದದ್ದನ್ನು ಮಾರುವ ರೈತ ನೋಂದಣಿ ಮಾಡಿಸಬೇಕಿಲ್ಲ ಅಂತ ಅಲ್ಲಿದೆ. ಆದರೆ ಒಣಗಿಸಿದ ಮೇಲೆ ಅದು ಭೂಮಿಯ ಬೆಳೆಯೋ, ತಯಾರಿಸಿದ ಮಾಲೋ? ಆಗ ಇದಕ್ಕೆ ಎರಡು ಅರ್ಥ ಹೇಳುತ್ತಿದ್ದರು. ಎರಡನ್ನೂ ಬರೆದುಕೊಂಡೆ. ಬರ ಬಿದ್ದ ವರ್ಷ ಅದು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಟ್ಯಾಂಕರ್ ನೀರಿಗೆ ನಮ್ಮ ಮನೆಯಲ್ಲಿ ಎಷ್ಟು ಖರ್ಚಾಯಿತು ಅಂತ ಅಪ್ಪನ ಡೈರಿಯಿಂದ ಲೆಕ್ಕ ತೆಗೆದೆ. ದಿನಾ ಪೇಪರ್ ಓದುವುದು ಇದ್ದೇ ಇತ್ತು, ಅದರ ಬಗ್ಗೆ ಎಲ್ಲರೂ ಹೇಳುತ್ತಾರೆ.

ಕ್ಯಾಪ್ ಕಾಲ್ ಬಂದದ್ದು ಒಂದು ಸಂಜೆ ಏಳರ ಪಾಳಿಯಲ್ಲಿ. ಶೆಡ್ಡಿನಲ್ಲಿ ಮೊದಲ ಸಲ ಹರಡಿದ ಮಾಲು ಇನ್ನೂ ಪೂರ್ತಿ ಒಣಗಿರಲಿಲ್ಲ. ವೆಬ್‌ಸೈಟಿನಲ್ಲಿ ಹೆಸರು ನೋಡಿದೆ. ಎರಡನೇ ಸಲ ರಿಜಿಸ್ಟ್ರೇಶನ್ ನಂಬರ್ ಹಾಕಿ ನೋಡಿದೆ. ಆಮೇಲೆ ಅವ್ವನನ್ನು ಕೂಗಿದೆ. ಅವಳು ಕೈಯಲ್ಲಿ ರೊಟ್ಟಿ ಹಿಟ್ಟು ಇದ್ದ ಹಾಗೆಯೇ ಬಂದು ನಿಂತಳು. ನನಗೆ ಮಾತು ಬರಲಿಲ್ಲ, ಸ್ಕ್ರೀನ್ ತೋರಿಸಿದೆ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನನ್ನ ಮುಖ ಓದಿದಳು.

ಸಂದರ್ಶನ ಬೆಂಗಳೂರಿನಲ್ಲಿ. ಕಾಗದಪತ್ರ ಆಗಲೇ ಫೈಲಿನಲ್ಲಿ ಇದ್ದವು, ಅಫಿಡವಿಟ್ ಎಲ್ಲಕ್ಕಿಂತ ಮೇಲೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಹತ್ತಿದೆ. ಅಪ್ಪ ಜೊತೆಗೆ ಬಂದರು. ಬೆಳಗ್ಗೆ ಬೆಂಗಳೂರು ಇಳಿದು ಸ್ಟೇಷನ್ ಹತ್ತಿರ ಒಂದು ಲಾಡ್ಜಿನಲ್ಲಿ ಸ್ನಾನ ಮಾಡಿ ಹೊರಟೆವು.

ಇಬ್ಬರು ಪ್ರಾಧ್ಯಾಪಕರು ಇದ್ದರು. ಅರ್ಜಿಯಲ್ಲಿ ಆಡಿಟರ್ ಆಫೀಸ್, ತಿಕೋಟಾ ಎರಡೂ ನೋಡಿ ಒಬ್ಬರು ಕೇಳಿದ ಮೊದಲ ಗಟ್ಟಿ ಪ್ರಶ್ನೆಯೇ ಜಿಎಸ್‌ಟಿಯದ್ದು. ರೈತ ತಾನೇ ಒಣಗಿಸಿದ ದ್ರಾಕ್ಷಿಗೆ ತೆರಿಗೆ ಬರುತ್ತದೋ ಇಲ್ಲವೋ? ನಾನು ಎರಡೂ ಅರ್ಥ ಹೇಳಿದೆ. ನನ್ನ ಅಭಿಪ್ರಾಯ ಯಾವುದು, ಯಾಕೆ ಅಂತಲೂ ಹೇಳಿದೆ. ಇಂಗ್ಲಿಷ್ ಎರಡು ಕಡೆ ತಡವರಿಸಿತು. ಆದರೆ ವಿಷಯ ತಡವರಿಸಲಿಲ್ಲ. ಎಂಬಿಎ ಯಾಕೆ ಅಂತ ಕೇಳಿದಾಗ ಆಯಿಗೆ ಹೇಳಿದ್ದನ್ನೇ ಹೇಳಿದೆ. ಇನ್ನೊಬ್ಬರು ಪೆನ್ನು ಕೆಳಗಿಟ್ಟು ದರದ ಬಗ್ಗೆ ಮತ್ತೆ ಮತ್ತೆ ಕೇಳಿದರು.

ಇದೆಲ್ಲ ಆದ ಮೇಲೆ, 2024ರ ಡಿಸೆಂಬರ್‌ನಲ್ಲಿ, ರೈತ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲ ಅಂತ ಜಿಎಸ್‌ಟಿ ಮಂಡಳಿಯೇ ಸ್ಪಷ್ಟಪಡಿಸಿತು. ಆಗ ನಾನು ಹಾಸ್ಟೆಲಿನಲ್ಲಿದ್ದೆ, ಮೊದಲ ವರ್ಷ ಓದುತ್ತಿದ್ದೆ. ಸುದ್ದಿ ನೋಡಿದವಳೇ ಅಪ್ಪನಿಗೆ ಫೋನ್ ಮಾಡಿದೆ. ಅವರು ತೋಟದಲ್ಲೇ ಇದ್ದರು.